ಪಿಟ್ಯುಟರಿ ಸಿಸ್ಟ್ ಅಂದ ತಕ್ಷಣ ಆಪರೇಷನ್ ಬೇಕಾ?
ನಿಮ್ಮ ತಂಗಿಯ ಎಂಆರ್‌ಐನಲ್ಲಿ ಪಿಟ್ಯುಟರಿ ಗ್ರಂಥಿಯ (ಮೆದುಳಿನ ಬುಡದಲ್ಲಿರುವ ಹಾರ್ಮೋನು ಗ್ರಂಥಿ) ಹತ್ತಿರ 14 ಮಿ.ಮೀ. ಸಿಸ್ಟ್ (ದ್ರವ ತುಂಬಿದ ಚೀಲ) ಕಂಡಿದೆ, ಆಪರೇಷನ್ ಮಾಡಿಸಲೇಬೇಕಾ ಎಂದು ಕೇಳಿದ್ದೀರಿ. ನಮ್ಮ ಅತ್ತೆಗೂ ಹೀಗೇ ಆಗಿತ್ತು, ಅದಕ್ಕೇ ಬರೆಯುತ್ತಿದ್ದೇನೆ.

ಹೆಚ್ಚಾಗಿ ಮೂರರ ನಡುವೆ ಗೊಂದಲ: ರಾಥ್ಕೆ ಸಿಸ್ಟ್ (ಗಡ್ಡೆಯಲ್ಲ, ಬರೀ ಚೀಲ), ಕ್ರೇನಿಯೋಫ್ಯಾರಿಂಜಿಯೋಮ (ಪಿಟ್ಯುಟರಿಯ ಹತ್ತಿರ ಬೆಳೆಯುವ ಒಂದು ಬಗೆಯ ಗಡ್ಡೆ), ಒಳಗೆ ದ್ರವ ತುಂಬಿದ ಅಡೆನೋಮ (ಪಿಟ್ಯುಟರಿ ಗ್ರಂಥಿಯದೇ ಗಡ್ಡೆ). ಸಿಟಿ ಸ್ಕ್ಯಾನ್‌ನಲ್ಲಿ ಸುಣ್ಣ ಕಟ್ಟಿದ್ದು ಕಂಡರೆ ಎರಡನೆಯದರ ಅನುಮಾನ ಜಾಸ್ತಿ. ಚೀಲದೊಳಗೆ ಕಾಂಟ್ರಾಸ್ಟ್ (ಸ್ಕ್ಯಾನ್‌ನಲ್ಲಿ ಎದ್ದು ಕಾಣಲೆಂದು ಕೊಡುವ ಔಷಧ) ಹಿಡಿಯದ ಸಣ್ಣ ಗಂಟಿದ್ದರೆ ರಾಥ್ಕೆ ಇರಬಹುದು ಅನ್ನುತ್ತಾರೆ. ಖಚಿತವಾಗುವುದು ಬಯಾಪ್ಸಿಯಲ್ಲೇ. ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸುವ ಪಿಟ್ಯುಟರಿ ಹಾರ್ಮೋನು) ಪರೀಕ್ಷೆ ಮಾತ್ರ ಬಿಡಬೇಡಿ. ಅದು ತುಂಬಾ ಏರಿದ್ದರೆ ಆ ಹಾರ್ಮೋನು ಸುರಿಸುವ ಅಡೆನೋಮ ಇರಬಹುದು; ಆಗ ಮಾತ್ರೆಯಲ್ಲೇ ಗಡ್ಡೆ ಕುಗ್ಗಬಹುದು, ಚಾಕು ಮುಟ್ಟುವುದೇ ಬೇಡವಾಗಬಹುದು. ಬೆಳಗಿನ ಕಾರ್ಟಿಸಾಲ್ (ಒತ್ತಡ ತಾಳಲು ದೇಹಕ್ಕೆ ಬೇಕಾದ ಹಾರ್ಮೋನು), ಥೈರಾಯ್ಡ್ ಕೂಡ ನೋಡಿಸಿ. ಕಣ್ಣಿನ ಫೀಲ್ಡ್ ಟೆಸ್ಟ್ (ಅಕ್ಕಪಕ್ಕದ ನೋಟ ಎಷ್ಟಿದೆ ಅನ್ನುವ ಪರೀಕ್ಷೆ) ಆಗಿದೆಯಾ? ದೃಷ್ಟಿ ನರ ಒತ್ತಿ ನೋಟ ಕುಗ್ಗುತ್ತಿದ್ದರೆ ಕಾಯುವಂತಿಲ್ಲ. ತೊಂದರೆ ಕೊಡದ ರಾಥ್ಕೆಯಾದರೆ ಆಗಾಗ ಸ್ಕ್ಯಾನ್ ಮಾಡಿಸುತ್ತಾ ಸುಮ್ನೆ ಗಮನಿಸುವುದೂ ಉಂಟು.

ಆಪರೇಷನ್ ಸಾಮಾನ್ಯವಾಗಿ ಮೂಗಿನೊಳಗಿಂದ. ರಾಥ್ಕೆಯಲ್ಲಿ ದ್ರವ ತೆಗೆದು, ಗೋಡೆಯ ಚೂರನ್ನು ಪರೀಕ್ಷೆಗೆ ಕಳಿಸುತ್ತಾರೆ. ಇಡೀ ಗೋಡೆ ಕೀಳಲು ಹೋದರೆ ವಿಪರೀತ ಮೂತ್ರ, ಬಾಯಾರಿಕೆಯ ತೊಂದರೆ ಬರುವ ಸಂಭವ ಹೆಚ್ಚು. ಅದಕ್ಕೇ ಆಪರೇಷನ್ ಆದ ಮೇಲೆ ನಮ್ಮತ್ತೆ ವಾರವಿಡೀ ಮೂತ್ರ ಅಳೆದು ಬರೆದಿಟ್ಟರು, ಥೇಟ್ ಹಾಲಿನ ಲೆಕ್ಕದ ಹಾಗೆ! ಮನೆಗೆ ಬಂದ ಮೇಲೆ ಮೂಗಿನಿಂದ ತಿಳಿನೀರು ತೊಟ್ಟಿಕ್ಕಿದರೆ ಅದು ಮೆದುಳಿನ ಸುತ್ತಲಿನ ದ್ರವ ಇರಬಹುದು, ತಡಮಾಡದೆ ಆಸ್ಪತ್ರೆಗೆ ಹೋಗಿ.