ಓದುಗರ ಪ್ರಶ್ನೆ: ಕಸಿ ಮಾಡಿದ ಕಿಡ್ನಿ, ಅಡಗಿ ಕೂತ ವೈರಸ್

ಪ್ರಶ್ನೆ: ನಾಲ್ಕು ತಿಂಗಳ ಹಿಂದೆ ನಮ್ಮ 11 ವರ್ಷದ ಮಗಳಿಗೆ ನನ್ನ ಕಿಡ್ನಿ ಕಸಿ ಮಾಡಿದರು. ಫೈಲಿನಲ್ಲಿ ‘ಇಬಿವಿ: ದಾನಿ ಪಾಸಿಟಿವ್, ರೋಗಿ ನೆಗೆಟಿವ್’ ಎಂದಿದೆ. ಇದರಿಂದ ಕ್ಯಾನ್ಸರ್ ಬರುತ್ತದಂತೆ, ನಿಜವೇ?
– ಓದುಗರು, ವಿರಾಜಪೇಟೆ

ಉತ್ತರ: ನಿಮ್ಮಿಂದ ಹೋಗುವುದು ವೈರಸ್, ಕ್ಯಾನ್ಸರ್ ಅಲ್ಲ. ಎಪ್ಸ್ಟೀನ್-ಬಾರ್ ವೈರಸ್ (ಇಬಿವಿ) ದೊಡ್ಡವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿಯ ಮೈಯಲ್ಲಿದೆ. ಬಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳಲ್ಲಿ ಜೀವಮಾನವಿಡೀ ತೆಪ್ಪಗಿರುತ್ತದೆ. ಅದನ್ನು ಹದ್ದುಬಸ್ತಿನಲ್ಲಿಡುವುದು ಟಿ ಕಣಗಳೆಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು. ಕಿಡ್ನಿ ಉಳಿಸಲು ಕೊಡುವ ಟ್ಯಾಕ್ರೊಲಿಮಸ್ ಮಾತ್ರೆ ಕಟ್ಟಿಹಾಕುವುದು ಆ ಟಿ ಕಣಗಳನ್ನೇ. ಆಗ ಸೋಂಕಿದ ಬಿ ಕಣಗಳು ಅಂಕೆ ಮೀರಿ ಬೆಳೆದರೆ ಪಿಟಿಎಲ್‌ಡಿ ಎಂಬ ಲಿಂಫೋಮಾ (ಬಿಳಿ ರಕ್ತಕಣಗಳ ಕ್ಯಾನ್ಸರ್) ಬಗೆಯ ಕಾಯಿಲೆಯಾಗುತ್ತದೆ. ಮಗಳ ದೇಹ ಈ ವೈರಸ್ಸನ್ನು ಹಿಂದೆ ಕಂಡಿಲ್ಲವಾದ್ದರಿಂದ ಅಪಾಯ ಹೆಚ್ಚು, ಅದರಲ್ಲೂ ಮೊದಲ ವರ್ಷ. ಆದರೂ ಇಂಥ ಮಕ್ಕಳಲ್ಲಿ ಬಹುಪಾಲಿಗೆ ಅದು ಬರುವುದಿಲ್ಲ.

ಕಾವಲು ಹೀಗಿರಬೇಕು: ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ಅಳೆಯುವ ಇಬಿವಿ ಪಿಸಿಆರ್ ಪರೀಕ್ಷೆ ಮೊದಲ 3ರಿಂದ 6 ತಿಂಗಳು ತಿಂಗಳಿಗೊಮ್ಮೆಯಾದರೂ, ಆಮೇಲೆ ವರ್ಷ ತುಂಬುವವರೆಗೆ 3 ತಿಂಗಳಿಗೊಮ್ಮೆ. ದೇಹ ಕಿಡ್ನಿಯನ್ನು ತಿರಸ್ಕರಿಸಿದ್ದಕ್ಕೆ ಚಿಕಿತ್ಸೆ ಕೊಟ್ಟಿದ್ದರೆ ಮತ್ತೊಮ್ಮೆ. ಒಮ್ಮೆ ಮಡಿಕೇರಿಯಲ್ಲಿ, ಇನ್ನೊಮ್ಮೆ ಮೈಸೂರಿನಲ್ಲಿ ಮಾಡಿಸಿದರೆ ಅಂಕಿಗಳನ್ನು ಹೋಲಿಸಲಾಗದು. ಒಂದೇ ಲ್ಯಾಬ್ ಹಿಡಿಯಿರಿ. ಒಂದು ಅಂಕಿಗಿಂತ ಅದು ಏರುತ್ತಿದೆಯೇ ಎಂಬುದು ಮುಖ್ಯ. ಏರಿದರೆ ವೈದ್ಯರು ಮಾತ್ರೆಯ ಪ್ರಮಾಣ ತಗ್ಗಿಸುತ್ತಾರೆ. ನೀವೇ ತಗ್ಗಿಸಿದರೆ ಕಿಡ್ನಿಯೇ ಹೋದೀತು. ವೈರಸ್ ತಡೆಯುವ ಔಷಧ ಅಸೈಕ್ಲೊವಿರ್ ಕೊಡಿಸಿ ಎಂದು ಕೇಳುವವರಿದ್ದಾರೆ, ಅಡಗಿ ಕೂತ ಇಬಿವಿಗೆ ಅದು ನಾಟುವುದಿಲ್ಲ.

ಬಿಡದ ಜ್ವರ, ರಾತ್ರಿ ಬೆವರು, ತೂಕ ಇಳಿತ, ಕುತ್ತಿಗೆಯಲ್ಲಿ ಗಂಟು, ಹೊಸದಾಗಿ ಶುರುವಾದ ಗೊರಕೆ (ಟಾನ್ಸಿಲ್ ಊದಿರಬಹುದು), ನಿಲ್ಲದ ಭೇದಿ, ಕಾರಣವಿಲ್ಲದೆ ಏರಿದ ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ತೋರಿಸುವ ರಕ್ತ ಪರೀಕ್ಷೆ) – ಇವುಗಳಲ್ಲಿ ಒಂದಿದ್ದರೂ ಮಳೆ ನಿಲ್ಲಲೆಂದು ಕಾಯದೆ ಕಸಿ ಕೇಂದ್ರಕ್ಕೆ ಫೋನ್ ಮಾಡಿ. ಗಂಟಿಗೆ ಸೂಜಿ ಹಾಕಿ ತೆಗೆದ ಕಣಗಳು ಸಾಮಾನ್ಯವಾಗಿ ಸಾಲವು, ಆದಷ್ಟು ಇಡೀ ಗಂಟನ್ನೇ ತೆಗೆದು ಬಯಾಪ್ಸಿ ಮಾಡಬೇಕು. ರೋಗ ಖಚಿತವಾದರೆ ಮೊದಲ ಹೆಜ್ಜೆ ಮಾತ್ರೆ ತಗ್ಗಿಸುವುದು, ಸಾಲದಿದ್ದರೆ ಬಿ ಕಣಗಳನ್ನು ಕೊಲ್ಲುವ ರಿಟುಕ್ಸಿಮ್ಯಾಬ್ ಔಷಧ, ಆಮೇಲೆ ಕೀಮೋ.

ಪ್ರಶ್ನೆ: ನನಗೆ 24. ಕಸಿಯಾಗಿ ಏಳು ತಿಂಗಳಾಯಿತು. ಎಚ್‌ಪಿವಿ ಲಸಿಕೆ ಹಾಕಿಸಬಹುದೇ?
– ಓದುಗರು, ಸೋಮವಾರಪೇಟೆ

ಉತ್ತರ: ಹಾಕಿಸಿ. ಗರ್ಭಕೊರಳಿನ ಕ್ಯಾನ್ಸರ್ ತರುವ ವೈರಸ್ಸನ್ನು ತಡೆಯುವ ಈ ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ. ಮೂರು ಡೋಸ್: ಮೊದಲನೆಯದು, 1–2 ತಿಂಗಳಿಗೆ ಇನ್ನೊಂದು, 6ನೇ ತಿಂಗಳಿಗೆ ಕೊನೆಯದು. ಚಿಕ್ಕ ಹುಡುಗಿಯರಿಗೆ ಸಾಕೆನ್ನುವ ಎರಡು ಡೋಸ್ ಲೆಕ್ಕ ಕಸಿಯಾದವರಿಗೆ ನಡೆಯದು. ಕಸಿಗೆ ಮೊದಲೇ ಹಾಕಿದ್ದರೆ ಇನ್ನೂ ಚೆನ್ನಾಗಿ ಹಿಡಿಯುತ್ತಿತ್ತು. ಈಗಾಗಲೇ ಇರುವ ಸೋಂಕನ್ನು ಲಸಿಕೆ ತೆಗೆಯದು, ಆದ್ದರಿಂದ ಗರ್ಭಕೊರಳಿನ ತಪಾಸಣೆ ಎಷ್ಟು ಸಲ ಬೇಕೆಂದು ವೈದ್ಯರನ್ನು ಕೇಳಿ ತಪ್ಪದೆ ಮಾಡಿಸಿ. ದಡಾರ, ಸೀತಾಳೆಸಿಡುಬಿನ ಲಸಿಕೆಗಳು ಜೀವಂತ ವೈರಸ್ಸಿನವು. ವೈದ್ಯರನ್ನು ಕೇಳದೆ ಮುಟ್ಟಬೇಡಿ.

ಪ್ರಶ್ನೆ: ಕಸಿಯಾದವರು ಕೊಡವರ ಕಕ್ಕಡ ತಿಂಗಳ 18ನೇ ದಿನದ ಮದ್ದುಸೊಪ್ಪಿನ ಪಾಯಸ, ಚಕ್ಕೋತ ತಿನ್ನಬಹುದೇ?
– ಓದುಗರು, ಪೊನ್ನಂಪೇಟೆ

ಉತ್ತರ: ಚಕ್ಕೋತ ಬೇಡ. ಅದು ಟ್ಯಾಕ್ರೊಲಿಮಸ್ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆ. ಮಟ್ಟ ಏರಿದಷ್ಟೂ ವೈರಸ್ಸಿಗೆ ಸಲುಗೆ. ಕೊಡಗಿನ ಕಿತ್ತಳೆಗೆ ಆ ದೋಷವಿಲ್ಲ. ಮದ್ದುಸೊಪ್ಪು ಮೂತ್ರಕ್ಕೆ ಬಣ್ಣ ಕೊಡುತ್ತದೆ, ಕಸಿ ಕಿಡ್ನಿಯವರಲ್ಲಿ ಅದು ರಕ್ತವೆಂಬ ಗೊಂದಲಕ್ಕೆ ಎಡೆ. ಹಬ್ಬದ ಒಂದು ಚಮಚಕ್ಕೂ ಮೊದಲೇ ವೈದ್ಯರ ಒಪ್ಪಿಗೆ ಕೇಳಿ. ರೋಗನಿರೋಧಕ ಶಕ್ತಿ ಹೆಚ್ಚಿಸುವ ಕಷಾಯಗಳಂತೂ ಬೇಡವೇ ಬೇಡ. ಟ್ಯಾಕ್ರೊಲಿಮಸ್ ಮಟ್ಟದ ಪರೀಕ್ಷೆಗೆ ಮುಂಜಾನೆ ಬಸ್ ಹತ್ತುವ ಮುನ್ನ ಮಾತ್ರೆ ನುಂಗಬೇಡಿ. ಹಿಂದಿನ ರಾತ್ರಿಯ ಮಾತ್ರೆಯಾಗಿ 12 ತಾಸಿಗೆ ರಕ್ತ ಕೊಟ್ಟು, ಆಮೇಲೆ ನುಂಗಿ. ಮಾತ್ರೆ ಕೈಚೀಲದಲ್ಲೇ ಇರಲಿ.