ಕಳ್ಳ ಕೆಡಿಸಿದ ಇಗ್ನಿಷನ್ ಲಾಕ್: ದುರಸ್ತಿ ಮತ್ತು ವಿಮೆ

ಪ್ರಶ್ನೆ: ಮನೆಯ ಮುಂದೆ ನಿಲ್ಲಿಸಿದ್ದ ನಮ್ಮ ಕಾರನ್ನು ಕಳೆದ ವಾರ ರಾತ್ರಿ ಯಾರೋ ಕದಿಯಲು ನೋಡಿದ್ದಾರೆ. ಸ್ಟೇರಿಂಗ್ ಕೆಳಗಿನ ಪ್ಲಾಸ್ಟಿಕ್ ಕವರ್ ಒಡೆದು, ಕೀ ಹಾಕುವ ಜಾಗಕ್ಕೆ ಸ್ಕ್ರೂಡ್ರೈವರ್ ತೂರಿಸಿ ತಿರುಗಿಸಿದ್ದಾರೆ. ಈಗ ಕೀ ಪೂರ್ತಿ ಒಳಗೆ ಹೋಗುವುದಿಲ್ಲ. ಒತ್ತಿ ತಿರುಗಿಸಿದರೆ ಡ್ಯಾಶ್‌ಬೋರ್ಡಿನ ದೀಪಗಳಷ್ಟೇ ಹತ್ತುತ್ತವೆ. 12 ವರ್ಷ ಹಳೆಯ ಸಣ್ಣ ಪೆಟ್ರೋಲ್ ಕಾರು. ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರು ವೈರ್ ಎಳೆದು ಪುಷ್ ಬಟನ್ ಕೂರಿಸಿಕೊಡುವುದಾಗಿಯೂ ಲಾಕ್ ಬದಲಿಸುವುದು ದಂಡದ ಖರ್ಚೆಂದೂ ಹೇಳುತ್ತಾರೆ. ಹಾಗೆ ಮಾಡಿಸಬಹುದೇ? ವಿಮೆಯ ಹಣ ಸಿಗುತ್ತದೆಯೇ?
– ಓದುಗರೊಬ್ಬರು, ಹಾಸನ

ಉತ್ತರ: ದಯವಿಟ್ಟು ಪುಷ್ ಬಟನ್ ಹಾಕಿಸಬೇಡಿ. ಎಂಜಿನ್ ಚಾಲೂ ಆಗುವುದು ಇಲ್ಲಿ ಸಣ್ಣ ವಿಷಯ; ಸ್ಟೇರಿಂಗ್ ಲಾಕ್ ಯಾವ ಸ್ಥಿತಿಯಲ್ಲಿದೆ ಎಂಬುದೇ ದೊಡ್ಡ ವಿಷಯ.

ನೀವು ಕೀ ತೂರಿಸುವ ಜಾಗದಲ್ಲಿ ಮೂರು ಭಾಗಗಳು ಒಂದರ ಹಿಂದೆ ಒಂದಿರುತ್ತವೆ. ಮುಂದೆ ಇರುವುದು ಕೀಲಿಯ ಹಲ್ಲಿಗೆ ತಕ್ಕಂತೆ ಏರಿಳಿಯುವ ತೆಳು ಬಿಲ್ಲೆಗಳುಳ್ಳ ಬೀಗ. ಅದರ ಹಿಂದೆ, ಕೀ ತೆಗೆದಾಗ ಸ್ಟೇರಿಂಗ್ ದಂಡದ ಕಚ್ಚಿನೊಳಗೆ ಸರಿದು ಕೂರುವ ಉಕ್ಕಿನ ಅಗುಳಿ. ಕೊನೆಯಲ್ಲಿ ವಿದ್ಯುತ್ ಸ್ವಿಚ್. ಸ್ಕ್ರೂಡ್ರೈವರ್ ತೂರಿಸಿ ಬಲವಾಗಿ ತಿರುಗಿಸಿದಾಗ ಬಿಲ್ಲೆಗಳು ಜಜ್ಜಿಹೋಗುತ್ತವೆ. ನಿಮ್ಮ ಕೀ ಅರ್ಧಕ್ಕೇ ನಿಲ್ಲುತ್ತಿರುವುದು ಅದರಿಂದಲೇ ಇರಬೇಕು. ಆದರೆ ಎಷ್ಟೋ ಸಲ ಇಡೀ ಲಾಕನ್ನು ಹಿಡಿದಿಡುವ ಎರಕದ ಕವಚವೂ ಬಿರುಕು ಬಿಟ್ಟಿರುತ್ತದೆ, ಮತ್ತು ಅದು ಹೊರಗಿನಿಂದ ಕಾಣುವುದಿಲ್ಲ. ಗಾಡಿ ಓಡುತ್ತಿರುವಾಗ ಅಗುಳಿಯನ್ನು ಹಿಂದಕ್ಕೆ ಹಿಡಿದಿಡಬೇಕಾದ ಭಾಗ ಸಡಿಲಗೊಂಡಿದ್ದರೆ, ತಿರುವಿನಲ್ಲಿ ಸ್ಟೇರಿಂಗ್ ಲಾಕ್ ಆಗಿಬಿಡಬಹುದು. ಪುಷ್ ಬಟನ್ ಎಂಜಿನ್ನನ್ನು ಎಬ್ಬಿಸುತ್ತದೆಯೇ ಹೊರತು ಈ ಅಪಾಯವನ್ನು ಮುಟ್ಟುವುದೇ ಇಲ್ಲ. ಜೊತೆಗೆ ಮುಂದಿನ ಕಳ್ಳನ ಕೆಲಸವನ್ನೂ ಹಗುರಮಾಡುತ್ತದೆ. ಆದ್ದರಿಂದ ಗ್ಯಾರೇಜಿಗೂ ಕಾರನ್ನು ಓಡಿಸಿಕೊಂಡು ಹೋಗದೆ, ಟೋಯಿಂಗ್ ಗಾಡಿಯ ಮೇಲೇರಿಸಿ ಕಳಿಸಿ.

ಬರೀ ಬೀಗವನ್ನಲ್ಲ, ಸ್ಟೇರಿಂಗ್ ಲಾಕ್ ಮತ್ತು ಸ್ವಿಚ್ ಸೇರಿದ ಪೂರ್ತಿ ಸೆಟ್ಟನ್ನು ಬದಲಿಸಿ ಎಂಬುದು ನನ್ನ ಸಲಹೆ. ಕೆಲಸ ಶುರುಮಾಡುವ ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಬೇಕು. ಏರ್‌ಬ್ಯಾಗ್ ಇರುವ ಕಾರಾದರೆ, ಅನಂತರ ಕಂಪನಿಯ ಕೈಪಿಡಿ ಹೇಳುವಷ್ಟು ಹೊತ್ತು ಕಾದು, ಹಳದಿ ಬಣ್ಣದ ಕನೆಕ್ಟರುಗಳ ತಂಟೆಗೆ ಹೋಗದೆ ಮುಂದುವರಿಯಬೇಕು. ಹೆಚ್ಚಿನ ಕಾರುಗಳಲ್ಲಿ ಲಾಕನ್ನು ಹಿಡಿದಿರುವ ಬೋಲ್ಟುಗಳಿಗೆ ತಲೆಯೇ ಇರುವುದಿಲ್ಲ. ಬಿಗಿ ಮಾಡುವಾಗ ತಲೆ ತಾನಾಗಿ ಮುರಿದು ಬೀಳಲಿ, ಕಳ್ಳನ ಸ್ಪ್ಯಾನರಿಗೆ ಹಿಡಿತ ಸಿಗದಿರಲಿ ಎಂದೇ ಅವನ್ನು ಹಾಗೆ ಮಾಡಿರುತ್ತಾರೆ. ಅವನ್ನು ಡ್ರಿಲ್ ಮಾಡಿ ತೆಗೆಯುವುದೇ ಸರಿ. ಚಾಣ ಇಟ್ಟು ಸುತ್ತಿಗೆಯಿಂದ ಬಲವಾಗಿ ಬಡಿಯುವ ಮೆಕ್ಯಾನಿಕ್ಕನ್ನು ಅಲ್ಲೇ ತಡೆಯಿರಿ, ಏಕೆಂದರೆ ಅಪಘಾತವಾದಾಗ ಚಾಲಕನ ಎದೆಗೆ ಚುಚ್ಚದಂತೆ ಕುಗ್ಗಲೆಂದು ರೂಪಿಸಿದ ಸ್ಟೇರಿಂಗ್ ಕಾಲಮ್ ಆ ಪೆಟ್ಟುಗಳಿಂದಲೇ ಹಾಳಾಗಬಹುದು. ಹೊಸ ಲಾಕಿಗೆ ಅದೇ ಬಗೆಯ ಹೊಸ ಬೋಲ್ಟುಗಳನ್ನು ಹಾಕಿ, ತಲೆ ಮುರಿಯುವವರೆಗೆ ಬಿಗಿ ಮಾಡಿಸಿ. ಸಾಧಾರಣ ಬೋಲ್ಟಿನಲ್ಲಿ ಕೆಲಸ ಮುಗಿಸಲು ಬಿಡಬೇಡಿ.

ಕಳ್ಳ ವೈರುಗಳನ್ನು ಕತ್ತರಿಸಿದ್ದರೆ ಬರೀ ಹೊಸೆದು ಟೇಪು ಸುತ್ತಿದರೆ ಸಾಲದು. ಸ್ವಿಚ್ಚಿಗೆ ಬರುವ ದಪ್ಪ ವೈರುಗಳಲ್ಲಿ ಹೆಚ್ಚು ಕರೆಂಟ್ ಹರಿಯುವುದರಿಂದ ಸಡಿಲ ಜೋಡಣೆ ಕಾದು ಬೆಂಕಿಗೆ ದಾರಿಯಾಗುತ್ತದೆ. ಕೀಲಿಯ ತಲೆಯಲ್ಲಿ ಚಿಪ್ ಇರುವ ಕಾರಾದರೆ ಹಳೆಯ ಕೀಲಿಯನ್ನು ಎಸೆಯಬೇಡಿ: ಎಂಜಿನ್ನಿನ ಕಂಪ್ಯೂಟರ್ ಗುರುತಿಸುವುದು ಆ ಚಿಪ್ಪನ್ನು. ಬೀಗದ ಸುತ್ತ ಇರುವ, ಚಿಪ್ಪನ್ನು ಓದುವ ಬಳೆಯಂಥ ಆಂಟೆನಾ ಒಡೆದಿದ್ದರೆ, ಹೊಸ ಬೀಗ ಹಾಕಿದರೂ ಎಂಜಿನ್ ಚಾಲೂ ಆಗದು.

ಗಾಡಿ ಬಿಡಿಸಿಕೊಳ್ಳುವಾಗ ನೀವೇ ಕೂತು ಪರೀಕ್ಷಿಸಿ. ಸೆಲ್ಫ್ ಹೊಡೆದು ಕೈಬಿಟ್ಟ ಕೂಡಲೇ ಕೀ ತಾನಾಗಿ ಹಿಂದಕ್ಕೆ ಬರಬೇಕು. ಬಾರದಿದ್ದರೆ ಸೆಲ್ಫ್ ಮೋಟಾರ್ ತಿರುಗುತ್ತಲೇ ಇದ್ದು ಸುಟ್ಟುಹೋಗುತ್ತದೆ. ಕೀ ಒಳಗಿರುವಾಗ ಸ್ಟೇರಿಂಗ್ ಎರಡೂ ಕಡೆ ಕೊನೆಯವರೆಗೆ ಸರಾಗವಾಗಿ ತಿರುಗಬೇಕು, ಕೀ ತೆಗೆದ ಮೇಲಷ್ಟೇ ಲಾಕ್ ಆಗಬೇಕು.

ಇನ್ನು ವಿಮೆ. ಥರ್ಡ್ ಪಾರ್ಟಿ ಪಾಲಿಸಿ ಮಾತ್ರ ಇದ್ದರೆ ಏನೂ ಸಿಗುವುದಿಲ್ಲ. ಸಮಗ್ರ ಪಾಲಿಸಿಯಲ್ಲಿ ಕಳವಿನ ಯತ್ನದಿಂದಾದ ಹಾನಿಗೆ ಕ್ಲೇಮ್ ಮಾಡಬಹುದು, ಆದರೆ ವಿಮಾ ಕಂಪನಿಯ ಸರ್ವೇಯರ್ ನೋಡುವ ಮೊದಲು ಏನನ್ನೂ ಬಿಚ್ಚಿಸಬಾರದು. ಲೆಕ್ಕ ಮಾತ್ರ ಹಾಕಿ ನೋಡಿ: 10 ವರ್ಷ ದಾಟಿದ ಕಾರಿಗೆ ಲೋಹದ ಭಾಗಗಳಲ್ಲಿ ಸಾಮಾನ್ಯವಾಗಿ ಶೇ. 50ರಷ್ಟು ಸವಕಳಿ ಕಳೆಯುತ್ತಾರೆ, ಪ್ಲಾಸ್ಟಿಕ್ಕಿಗೂ ಅಷ್ಟೇ. 1500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ 1000 ರೂಪಾಯಿ ನೀವೇ ಹೊರಬೇಕು. ಬಿಡಿಭಾಗಕ್ಕೆ 5000, ಕೂಲಿಗೆ 1500 ಆಯಿತೆಂದುಕೊಂಡರೆ ತೆರಿಗೆ ಬಿಟ್ಟು ನಿಮಗೆ ಸಿಗುವುದು ಸುಮಾರು 3000. ಅದಕ್ಕಾಗಿ, ವರ್ಷಗಟ್ಟಲೆ ಕ್ಲೇಮ್ ಮಾಡದೆ ಗಳಿಸಿದ, ಗರಿಷ್ಠ ಶೇ. 50ರವರೆಗೆ ಏರುವ ನೋ ಕ್ಲೇಮ್ ಬೋನಸ್ (ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಕಳೆದುಕೊಳ್ಳುವಿರಿ. ಬೋನಸ್ ಈಗಾಗಲೇ ಮೇಲಿನ ಮಟ್ಟದಲ್ಲಿದ್ದರೆ ಕೈಯಿಂದ ಖರ್ಚು ಮಾಡುವುದೇ ಲೇಸು.

ಕ್ಲೇಮ್ ಮಾಡದಿದ್ದರೂ ಪೊಲೀಸ್ ದೂರು ಕೊಡಿ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಳವಿಗೆ 303ನೇ ಕಲಮು, ಯತ್ನಕ್ಕೆ 62ನೇ ಕಲಮು ಇವೆ. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ. ಲಾಕ್ ಬದಲಿಸಿದ ಬಿಲ್ಲನ್ನೂ ಹಳೆಯ ಎರಡೂ ಕೀಲಿಗಳನ್ನೂ ಆ ಪ್ರತಿಯೊಂದಿಗೇ ಎತ್ತಿಡಿ. ಮುಂದೆಂದಾದರೂ ಕಾರು ನಿಜಕ್ಕೂ ಕಳುವಾದರೆ ವಿಮಾ ಕಂಪನಿ ಮೊದಲು ಕೇಳುವುದು ಕಾರಿನ ಮೂಲ ಕೀಲಿಗಳನ್ನು, ಮತ್ತು ನಿಮ್ಮ ಕೈಯಲ್ಲಿರುವ ಕೀಲಿ ಬೇರೆಯದೇಕೆ ಎಂಬುದಕ್ಕೆ ಆ ಬಿಲ್ಲೇ ಪುರಾವೆ.