ಎಕ್ಸ್‌ರೇ ಕೆಲಸ ಕಲೀಲಿಕ್ಕೆ ತಲಪಾಡಿಯ ಆಚೆಯಾ ಈಚೆಯಾ

ಕಾಸರಗೋಡಿಗೆ ಟ್ರಾನ್ಸ್‌ಫರ್ ಆಗಿದೆ, ಮಗಳಿಗೆ ಎಕ್ಸ್‌ರೇ ಟೆಕ್ನಿಷಿಯನ್ ಆಗ್ಬೇಕಂತೆ, ಎಲ್ಲಿ ಓದಿಸುದು, ಲೈಸೆನ್ಸ್ ಬೇಕಾ ಅಂತ ಕೇಳಿದ್ರಲ್ಲ ಸರ್. ನಾನು ಕುಂಬಳೆಯವ, ಮಂಗಳೂರಲ್ಲಿ ಓದಿ ಈಗ ಊರಿನ ಹತ್ರವೇ ಇದೇ ಕೆಲಸದಲ್ಲಿದ್ದೇನೆ. ನಿಮ್ಮ ಕಡೆಯವರು ಕಾಲೇಜ್ ಯಾವುದು ಅಂತ ಮೊದಲು ನೋಡ್ತಾರೆ, ಗಡಿಯಲ್ಲಿ ಇರುವವರು ನಾಳೆ ಕೆಲಸ ಎಲ್ಲಿ ಮಾಡುದು ಅಂತ ನೋಡಿ ಆಮೇಲೆ ಕಾಲೇಜ್ ಹುಡುಕ್ಬೇಕು.

ನಮಗೆ ದೊಡ್ಡಾಸ್ಪತ್ರೆ ಅಂದ್ರೆ ಮಂಗಳೂರೇ, ಬರೀ 50 ಕಿಲೋಮೀಟರ್, ನಮ್ಮ ರಾಜಧಾನಿ ತಿರುವನಂತಪುರ 500ಕ್ಕಿಂತ ಮೇಲೆ. 2020ರ ಮಾರ್ಚಲ್ಲಿ ಕೊರೊನಾಕ್ಕೆ ಕರ್ನಾಟಕ-ಕೇರಳ ಗಡಿಯ ತಲಪಾಡಿ ಬಂದಾದಾಗ ಇಲ್ಲಿಯ ಪೇಶಂಟುಗಳು ಪಟ್ಟ ಕಷ್ಟ ನೋಡಿದವರಿಗೆ ಗೊತ್ತುಂಟು, ನಮ್ಮ ಊರಲ್ಲೇ ಕೆಲಸ ಬಲ್ಲವರು ಯಾಕೆ ಬೇಕು ಅಂತ.

ನೀವು ಲೈಸೆನ್ಸ್ ಅಂದ್ರಿ. ನಮ್ಮ ದೇಶದಲ್ಲಿ ಲೈಸೆನ್ಸ್ ಇರುದು ಎಕ್ಸ್‌ರೇ, ಸಿಟಿ ಮಿಷನ್ ಇಟ್ಟುಕೊಂಡ ಸೆಂಟರಿಗೆ, ಅದನ್ನು ಕೊಡುದು ಮುಂಬೈಯ ಎಇಆರ್‌ಬಿ, ಅಂದ್ರೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ. ಮಿಷನ್ ನಡೆಸುವವರು ರೇಡಿಯಾಗ್ರಫಿ ಕಲಿತವರೇ ಆಗಿರ್ಬೇಕು, 18 ವರ್ಷ ಆಗಿರ್ಬೇಕು ಅಂತ ಅವರ ರೂಲ್. ಮನುಷ್ಯರಿಗೆ ಬೇಕಾದ್ದು ಪಾರಾಮೆಡಿಕಲ್ ಕೌನ್ಸಿಲ್ ರಿಜಿಸ್ಟ್ರೇಶನ್, ಅದು ರಾಜ್ಯದ್ದು, ಅಲ್ಲೇ ನಮ್ಮವರು ಸಿಕ್ಕಿ ಬೀಳುದು.

ಕರ್ನಾಟಕದಲ್ಲಾದ್ರೆ ಪಾರಾಮೆಡಿಕಲ್ ಬೋರ್ಡಿನ ಡಿಪ್ಲೊಮಾ ಉಂಟು, ಇಲ್ಲಾಂದ್ರೆ ರಾಜೀವ್ ಗಾಂಧಿ ಯುನಿವರ್ಸಿಟಿಯ ಬಿಎಸ್ಸಿ ಮೆಡಿಕಲ್ ಇಮೇಜಿಂಗ್, 3 ವರ್ಷ ಓದು ಮತ್ತೆ 1 ವರ್ಷ ಇಂಟರ್ನ್‌ಶಿಪ್. ಕೇರಳದಲ್ಲಿ ಪ್ಲಸ್ ಟುನಲ್ಲಿ ಫಿಸಿಕ್ಸ್ ಕೆಮಿಸ್ಟ್ರಿ ಬಯಾಲಜಿ ಮಾಡಿದವರಿಗೆ ಡಿಆರ್‌ಟಿ, ಅಂದ್ರೆ ಎಕ್ಸ್‌ರೇ ಕೆಲಸದ ಡಿಪ್ಲೊಮಾ, ಸೀಟ್ ಎಲ್‌ಬಿಎಸ್ ಸೆಂಟರ್ ಅಂತ ಸರ್ಕಾರದ ಸಂಸ್ಥೆ ಮೂಲಕ. ಇಲ್ಲಿಯ ಸರ್ಕಾರಿ ಆಸ್ಪತ್ರೆಯ ರೇಡಿಯಾಗ್ರಫರ್ ಪೋಸ್ಟಿಗೆ ಪಿಎಸ್‌ಸಿ ಬರೀಬೇಕು ಅಂತಿದ್ರೆ ಕೇರಳ ಕೌನ್ಸಿಲಿನ ರಿಜಿಸ್ಟ್ರೇಶನ್ ಆಗುವ ಕೋರ್ಸೇ ಬೇಕು ಸರ್, ಸೇರುವ ಮೊದಲೇ ಕೇಳಿ ಕಾಗದದಲ್ಲಿ ಉತ್ತರ ತೆಗೊಳ್ಳಿ. ನನ್ನ ದೋಸ್ತಿ ಒಬ್ಬ ಫೀಸ್ ಕಮ್ಮಿ ಅಂತ ಒಂದು ಸಂಸ್ಥೆಯಲ್ಲಿ ಸೇರಿದ, ಎರಡು ವರ್ಷ ಬಸ್ಸಲ್ಲಿ ಹೋಗಿ ಬಂದು ಓದಿದ, ಕಡೆಗೆ ಸರ್ಟಿಫಿಕೇಟಿಗೆ ಯಾವ ಕಡೆಯೂ ಮಾನ್ಯತೆ ಇಲ್ಲ ಅಂತಾಯ್ತು, ಅವನ ಅಮ್ಮ ಬೀಡಿ ಕಟ್ಟಿ ಕೂಡಿಸಿದ ದುಡ್ಡು ಅದು, ಈಗಲೂ ನೆನೆಸಿದ್ರೆ ಹೊಟ್ಟೆ ಉರೀತದೆ. 2021ರಲ್ಲಿ ಟೆಕ್ನಿಷಿಯನ್ ಥರದ ಆಸ್ಪತ್ರೆ ಕೆಲಸದವರಿಗೆ ಅಲೈಡ್ ಹೆಲ್ತ್ ಕಾಯ್ದೆ ಬಂದಿದೆ, ಇಡೀ ದೇಶಕ್ಕೆ ಒಂದೇ ರಿಜಿಸ್ಟರ್ ಬೇಕು ಅಂತ ಅದರಲ್ಲಿ ಉಂಟು, ಸರಿಯಾಗಿ ನಡೆದ್ರೆ ಹೆಚ್ಚು ಉಪಕಾರ ನಮ್ಮಂಥ ಗಡಿಯವರಿಗೇ.

ರೇಡಿಯೇಶನ್ ಅಂತ ಅಮ್ಮಂದಿರು ಹೆದರ್ತಾರೆ. ಎದೆಯ ಹತ್ರ, ಸೀಸದ ಏಪ್ರನ್ ಒಳಗೆ, ರೇಡಿಯೇಶನ್ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಹಾಕ್ಬೇಕು, ಮೂರು ತಿಂಗಳಿಗೊಮ್ಮೆ ಅದು ಲ್ಯಾಬಿಗೆ ಹೋಗಿ ಎಷ್ಟು ಬಿದ್ದಿದೆ ಅಂತ ಲೆಕ್ಕ ಬರ್ತದೆ. ಮಿತಿ 5 ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ಬಿದ್ದ ರೇಡಿಯೇಶನಿನ ಅಳತೆ ಅದು), ಯಾವ ಒಂದು ವರ್ಷದಲ್ಲೂ 30 ದಾಟಬಾರ್ದು. ಬ್ಯಾಡ್ಜ್ ಕೊಡದ ಜಾಗದಲ್ಲಿ ಸಂಬಳ ಎಷ್ಟೇ ಇರ್ಲಿ, ಮಗಳನ್ನು ಕಳಿಸ್ಬೇಡಿ.

ಮತ್ತೆ ಭಾಷೆ. ಎದೆಯ ಎಕ್ಸ್‌ರೇಗೆ ಉಸಿರು ಒಳಗೆ ಎಳೆದು ಹಿಡ್ಕೊಳ್ಬೇಕು, ಅಲ್ಲಾಡಿದ್ರೆ ಫಿಲ್ಮ್ ಮಸುಕು, ಇನ್ನೊಮ್ಮೆ ತೆಗೆದ್ರೆ ಪೇಶಂಟಿಗೆ ಎರಡು ಪಟ್ಟು ಡೋಸ್. ಒಂದೇ ಬೆಳಿಗ್ಗೆ ನನ್ನ ಹತ್ರ ಕನ್ನಡದವರು, ತುಳುವಿನವರು, ಮಲಯಾಳದವರು, ಬ್ಯಾರಿಗಳು, ಕೊಂಕಣಿ ಮರಾಠಿಯವರು ಬರ್ತಾರೆ. ತುಳು ಅಜ್ಜಿಗೆ ಮಲಯಾಳದಲ್ಲಿ ಹೇಳಿದ್ರೆ ಅವರು ಉಸಿರು ಹಿಡಿಯುದು ಬಿಟ್ಟು ನಮ್ಮ ಮುಖ ನೋಡ್ತಾರೆ. ಮಗಳಿಗೆ ಈಗಲೇ ಪಕ್ಕದ ಮನೆಯವರ ಹತ್ರ ಮಲಯಾಳ, ತುಳು ಮಾತಾಡ್ಲಿಕ್ಕೆ ಹೇಳಿ ಸರ್, ಒಂದು ವರ್ಷದಲ್ಲಿ ಬರ್ತದೆ, ಇಲ್ಲಿ ಎಲ್ರಿಗೂ ಹಾಗೇ ಬಂದದ್ದು.